ಸೀಸದ ಅಕ್ಷರದ ಅಡಿಯಲ್ಲಿ ಒಂದು ಕೀಲು

ಮಾನ್ಯ ಅಧ್ಯಕ್ಷರೇ, ತುರ್ತು ಸೇವೆಗಳ ನೌಕರರ ವೈದ್ಯಕೀಯ ಮಂಡಳಿಯನ್ನು ನಡೆಸುತ್ತಿರುವವರೇ,

ನನ್ನ ತಂಗಿಯ ಎಡಗಾಲಿನಲ್ಲಿ, ಮಂಡಿಯ ಹೊರಮಗ್ಗುಲಿಗೆ ತುಸು ಕೆಳಗೆ, ಒಂದು ಸಣ್ಣ ಕೀಲು ಸಡಿಲವಾಗಿದೆ. ತಮ್ಮ ಎಕ್ಸ್‌ರೇ ಕೊಠಡಿಯವರು ಸರಿಯಾಗಿ ಆ ಕೀಲಿನ ಮೇಲೆಯೇ ಸೀಸದ ಅಕ್ಷರವೊಂದನ್ನು ಇಟ್ಟು ಚಿತ್ರ ತೆಗೆದರು. ತಾವು ಆ ಅಕ್ಷರವನ್ನೂ ಅದರ ಅಕ್ಕಪಕ್ಕದ ಮೂಳೆಗಳನ್ನೂ ನೋಡಿ, ಎಲ್ಲವೂ ಸಹಜವಾಗಿದೆ ಎಂದು ತೀರ್ಮಾನಿಸಿದಿರಿ. ಎಲ್ಲವೂ ಸಹಜವಾಗಿದ್ದ ಮೇಲೆ ನೋವು ಸುಳ್ಳಾಗಲೇಬೇಕಲ್ಲ? ಆದ್ದರಿಂದ ಅವಳು ಮೈಗಳ್ಳಿ ಎಂದೂ ಬರೆದಿರಿ. ನನ್ನ ದೂರು ಇಷ್ಟೇ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ತಮ್ಮ ಪರಿಶೀಲನೆಗೆ ಇನ್ನು ನಾಲ್ಕು ಜನರ ಕಣ್ಣೂ ಸೇರಲಿ ಎಂದು ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ.

ಕಾಲು ಕೆರೆದುಕೊಂಡು ಜಗಳಕ್ಕೆ ಬಂದವಳು ಎಂದು ತಾವು ಅಂದುಕೊಳ್ಳಬಹುದು. ಅಂದುಕೊಳ್ಳಿ. ನಾನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾರ ಕೈಚೀಲ ಬೆಂಚಿನ ಮೇಲೆ ಉಳಿದಿದೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುವುದು ನನ್ನ ಉದ್ಯೋಗ. ಈ ಪತ್ರವನ್ನು ಮಾತ್ರ ಒಂದೆಡೆ ಕೂತು ಬರೆಯಲು ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲ ತನಕ ಹೋಗುತ್ತೇನೆ, ಒಳಕೋಣೆಯಲ್ಲಿ ತಂಗಿ ಏನು ಮಾಡುತ್ತಿದ್ದಾಳೆಂದು ಇಣುಕುತ್ತೇನೆ, ಮತ್ತೆ ಬಂದು ಬರೆದದ್ದನ್ನು ಹೊಡೆದುಹಾಕುತ್ತೇನೆ. ಸಾಲುಗಳು ಅಲ್ಲಲ್ಲಿ ದಿಕ್ಕು ತಪ್ಪಿದ್ದರೆ ಕ್ಷಮಿಸಿ. ಕ್ಷಮಿಸದಿದ್ದರೂ ನಡೆಯುತ್ತದೆ, ಓದಿದರೆ ಸಾಕು.

ತಂಗಿ ಅಗ್ನಿಶಾಮಕ ದಳದಲ್ಲಿದ್ದಾಳೆ. ಠಾಣೆಯಲ್ಲಿ ಅವಳನ್ನು ಕರೆಯುವುದು ಜಿಗಣೆ ಎಂದು. ತರಬೇತಿಗೆ ಸೇರಿದ ಹೊಸತರಲ್ಲಿ ಏಣಿಯ ತುದಿ ತಲುಪಿ, ಬೀಸುವ ಗಾಳಿಗೆ ಹೆದರಿ, ಇಳಿಯಲೊಲ್ಲದೆ ಅಂಟಿಕೊಂಡು ಕೂತಿದ್ದಳಂತೆ. ಕೆಳಗಿನಿಂದ ಯಾರೋ ಆ ಹೆಸರು ಕೂಗಿದರು. ಹೆದರಿಕೆ ಹೋಯಿತು, ಹೆಸರು ಹೋಗಲಿಲ್ಲ. ಮನೆಯಲ್ಲೂ ನಾವು ಹಾಗೆಯೇ ಕರೆಯುತ್ತೇವೆ. ಚಿಕ್ಕಂದಿನಿಂದಲೂ ಅವಳು ಹಿಡಿದದ್ದನ್ನು ಬಿಟ್ಟವಳಲ್ಲ, ಅದು ನನ್ನ ಜಡೆಯೇ ಆಗಿರಲಿ.

ಪೆಟ್ಟಾದದ್ದು ಬೆಂಕಿಯಲ್ಲಲ್ಲ, ಅಭ್ಯಾಸದಲ್ಲಿ. ಗೋಪುರದ ಮೇಲಿಂದ ಮನುಷ್ಯನ ತೂಕದ ಬೊಂಬೆಯೊಂದನ್ನು ಹೆಗಲಿಗೆ ಹಾಕಿಕೊಂಡು ಏಣಿಯಲ್ಲಿ ಇಳಿಯಬೇಕು. ಕೆಳಗಿನ ಮೆಟ್ಟಿಲುಗಳು ಒದ್ದೆಯಾಗಿದ್ದವು. ಎಡಗಾಲು ಜಾರಿತು. ಪಾದ ಒಳಕ್ಕೆ ತಿರುಚಿ, ಮಂಡಿ ಮಡಚಿ, ತನ್ನ ಭಾರವೂ ಬೊಂಬೆಯ ಭಾರವೂ ಆ ಒಂದೇ ಕಾಲಿನ ಮೇಲೆ ಬೀಳುವಂತೆ ಕುಸಿದು ಕೂತಳು. ಒಳಗೆಲ್ಲೋ ಟಕ್ ಎಂದಿತಂತೆ. ವಿಷಯ ತಿಳಿದು ಓಡಿಹೋದ ನಾನು ಮೊದಲು ಬೈದದ್ದು ಬೊಂಬೆಗೆ.

“ಅದನ್ನ ಎಸೆದು ಎರಡೂ ಕೈಲಿ ಏಣಿ ಹಿಡ್ಕೊಂಡಿದ್ರೆ ಆಗ್ತಿತ್ತಲ್ವೇನೇ? ಒಳಗೆ ತುಂಬಿರೋದು ಮರಳು!”

“ಮರಳು ಅಂತ ತಲೆಗೆ ಗೊತ್ತಿರುತ್ತೆ ಅಕ್ಕ, ಕೈಗೆ ಗೊತ್ತಿರಲ್ಲ,” ಎಂದಳು. “ಹೆಗಲ ಮೇಲಿರೋದನ್ನ ಬಿಡಬಾರದು ಅಂತಾನೇ ಅಲ್ವಾ ಇಷ್ಟು ವರ್ಷ ಕಲಿತಿದ್ದು?”

ಇವಳನ್ನು ತಾವು ಕೆಲಸದಿಂದ ನುಣುಚಿಕೊಳ್ಳುವವಳು ಎಂದಿದ್ದೀರಿ. ನುಣುಚಿಕೊಳ್ಳುವ ಬುದ್ಧಿ ಅವಳಿಗೆ ಸಾಸಿವೆಯಷ್ಟಾದರೂ ಇದ್ದಿದ್ದರೆ ಬೊಂಬೆಯನ್ನು ಕೈಬಿಟ್ಟು ಹಾಯಾಗಿ ಇಳಿಯುತ್ತಿದ್ದಳು. ಆಗ ತಮಗೂ ನನಗೂ ಪರಿಚಯವೇ ಆಗುತ್ತಿರಲಿಲ್ಲ.

ಈ ನೋವಿನ ಸ್ವಭಾವ ವಿಚಿತ್ರ. ಸಮನೆಲದ ಮೇಲೆ ನಡೆದರೆ ಅವಳು ಎಲ್ಲರಂತೆಯೇ ನಡೆಯುತ್ತಾಳೆ. ಮೆಟ್ಟಿಲಿಳಿಯುವಾಗ, ಕುಕ್ಕರುಗಾಲಿನಲ್ಲಿ ಕೂರುವಾಗ, ಕೂತಲ್ಲಿಂದ ತಿರುಗಿ ಏಳುವಾಗ ಮಾತ್ರ ಮಂಡಿಯ ಪಕ್ಕದಲ್ಲಿ ಒಂದು ಗುಬುಟು ಎದ್ದು ನಿಲ್ಲುತ್ತದೆ. ಅದನ್ನು ಅಂಗೈಯಿಂದ ಒತ್ತಿದರೆ ಒಳಕ್ಕೆ ಹೋಗಿ ಕೂರುತ್ತದೆ. ಜೊತೆಗೆ ಅಲ್ಲಿಂದ ಪಾದದ ಮೇಲ್ಭಾಗದ ತನಕ ಇರುವೆ ಹರಿದಂತೆ ಜುಮುಜುಮು. ನಿಂತಾಗ ಇಲ್ಲ, ಮಲಗಿದಾಗ ಇಲ್ಲ. ತಮ್ಮಲ್ಲಿ ಚಿತ್ರ ತೆಗೆಯುವುದೋ, ಮಲಗಿಸಿ.

ತಮ್ಮ ಎಕ್ಸ್‌ರೇ ಕೊಠಡಿಯನ್ನು ನಾನು ಚೆನ್ನಾಗಿ ನೋಡಿದ್ದೇನೆ. ಗೂಟಕ್ಕೆ ನೇತುಹಾಕಿದ ಸೀಸದ ಅಂಗಿಗಳು, ತಣ್ಣನೆಯ ಮೇಜು, ಗೋಡೆಯ ತುಂಬ ಒಂದರ ಮೇಲೊಂದು ಅಂಟಿಸಿದ ಸುತ್ತೋಲೆಗಳು. ಚಿತ್ರ ತೆಗೆಯುವವರು ಸಾಧು ಮನುಷ್ಯ, ದನಿಯೇ ಏಳುವುದಿಲ್ಲ. ತಂಗಿ ಕಾಲು ಚಾಚಿ ಬೆರಳಿಟ್ಟು ತೋರಿಸಿದಳು.

“ನೋವು ಮಂಡೀಲಲ್ಲ ಅಣ್ಣಾ. ಇಲ್ಲಿ, ಪಕ್ಕದಲ್ಲಿ.”

“ಚೀಟೀಲಿ ಮಂಡಿ ಅಂತ ಬರೆದಿದ್ದಾರಲ್ಲಮ್ಮ.”

“ಈ ಜಾಗಕ್ಕೆ ಬೇರೆ ಹೆಸರು ನಂಗೊತ್ತಿಲ್ವಲ್ಲ.”

“ಹಾಗಾದ್ರೆ ಮಂಡೀನೇ,” ಎಂದು ಅವರು ಅಕ್ಷರವನ್ನು ಜೋಪಾನವಾಗಿ ಇಟ್ಟರು. ಎಡ ಎಂಬುದನ್ನು ಸಾರುವ ‘ಎ’. ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಇಟ್ಟರು. ಎದುರಿನಿಂದ ಒಂದು ಚಿತ್ರ, ಪಕ್ಕದಿಂದ ಒಂದು ಚಿತ್ರ. ನಾನೂ ನೋಡುತ್ತ ನಿಂತಿದ್ದೆ, ನನಗೂ ಏನೂ ಹೊಳೆಯಲಿಲ್ಲ.

ವರದಿ ಬಂತು. ‘ಎಡ ಮಂಡಿ. ಮೂಳೆಗಳು ಸಹಜ. ಕೀಲಿನ ಅಂತರ ಸಹಜ. ಮುರಿತ ಕಂಡುಬಂದಿಲ್ಲ.’ ಮಾನ್ಯರೇ, ನನ್ನ ಗೂಡಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ‘ಬಸ್ಸು ತುಸು ತಡವಾಗಿ ಆಗಮಿಸಲಿದೆ, ಪ್ರಯಾಣಿಕರು ಸಹಕರಿಸಬೇಕು’ ಎಂಬ ಮಾತು ಹೊರಡುತ್ತದೆ. ದನಿ ನನ್ನದೇ, ಎಂದೋ ಮುದ್ರಿಸಿಟ್ಟದ್ದು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದರೂ ಅದೇ ಮಾತು, ಡಿಪೋದಿಂದ ಹೊರಟೇ ಇರದಿದ್ದರೂ ಅದೇ ಮಾತು. ಒತ್ತುವಾಗ ನಾನು ಹೊರಗೆ ನೋಡಿರುವುದಿಲ್ಲ. ಈ ಕಸುಬಿನಲ್ಲಿ ಇಷ್ಟು ಕಾಲ ಕಳೆದಿರುವುದರಿಂದ, ಬೇರೆಯವರು ಗುಂಡಿ ಒತ್ತಿ ಹೊರಡಿಸಿದ ವಾಕ್ಯ ಯಾವುದು, ಕಣ್ಣಿಟ್ಟು ನೋಡಿ ಬರೆದ ವಾಕ್ಯ ಯಾವುದು ಎಂಬುದು ನನಗೆ ಬೇಗ ತಿಳಿಯುತ್ತದೆ. ಆ ವರದಿಯಲ್ಲಿ ನೋಡಿ ಬರೆದ ಪದ ಒಂದೇ, ‘ಎಡ’. ಅದೂ ಸೀಸದಲ್ಲಿ ಬರೆದಿತ್ತಲ್ಲ.

ಆಮೇಲೆ ನಾವು ಹೊರಗಿನ ಆಸ್ಪತ್ರೆಯ ಮೂಳೆ ಡಾಕ್ಟರರ ಬಳಿಗೆ ಹೋದೆವು. ವಯಸ್ಸಾದ ಹೆಂಗಸು, ಬಾಯಿ ಬಿಟ್ಟರೆ ‘ಮರೀ’ ಎನ್ನುವವರು. ಮಂಡಿಯನ್ನು ಅತ್ತಿತ್ತ ಬಗ್ಗಿಸಿ ನೋಡಿದರು, ತಂಗಿ ಸುಮ್ಮನಿದ್ದಳು. ಆಮೇಲೆ ಆ ಗುಬುಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಜರುಗಿಸಿದರು. ಬೆಂಕಿಯೊಳಕ್ಕೆ ನುಗ್ಗುವ ಹುಡುಗಿ, ಮೇಜಿನ ಅಂಚು ಹಿಡಿದು ಕಿರುಚಿಕೊಂಡಳು.

“ಮರೀ, ಇದು ಮಂಡಿ ಅಲ್ಲಮ್ಮ. ಮಂಡಿಯ ಪಕ್ಕದ ಮನೆ,” ಎಂದರು ಅವರು. “ಸದ್ದು ಬರ್ತಿರೋದು ಇಲ್ಲಿಂದ. ಎಲ್ಲರೂ ಹೋಗಿ ಮಂಡಿ ಬಾಗಿಲು ತಟ್ಟಿ, ಒಳಗೆಲ್ಲ ಚೆನ್ನಾಗಿದೆ ಅಂತ ವಾಪಸ್ ಬರ್ತಿದ್ದಾರೆ.”

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ತಮಗೆ ಗೊತ್ತಿಲ್ಲವೆಂದಲ್ಲ, ಇದನ್ನು ಓದುತ್ತಿರುವ ಉಳಿದವರಿಗಾಗಿ. ಮಂಡಿಯ ಕೆಳಗೆ ಕಾಲಿನಲ್ಲಿ ಎರಡು ಮೂಳೆಗಳಿವೆ. ದಪ್ಪನೆಯದು ಮೈಭಾರವನ್ನು ಹೊರುತ್ತದೆ. ಅದರ ಹೊರಮಗ್ಗುಲಿಗೆ ತೆಳ್ಳನೆಯ ಇನ್ನೊಂದು ಪಾದದ ಹೊರಗಿಣ್ಣಿನ ತನಕ ಇಳಿಯುತ್ತದೆ. ಈ ತೆಳು ಮೂಳೆ ಮಂಡಿಯ ಕೀಲಿನೊಳಕ್ಕೆ ಕಾಲಿಡುವುದೇ ಇಲ್ಲ. ಅದರ ದುಂಡು ತಲೆ, ದಪ್ಪ ಮೂಳೆಯ ಹೊರ ಅಂಚಿನ ಕೆಳಗೆ, ಕೊಂಚ ಹಿಂಬದಿಗೆ, ಮಳೆ ಬಂದಾಗ ಸೂರಿನಡಿ ಸರಿದು ನಿಂತವರ ಹಾಗೆ ಆತು ನಿಂತಿರುತ್ತದೆ. ಅವೆರಡೂ ತಾಗುವಲ್ಲಿ ಹೆಬ್ಬೆರಳ ತುದಿಯಷ್ಟರ ಒಂದು ಕೀಲು. ನಾವು ಪಾದವನ್ನು ಮೇಲಕ್ಕೆತ್ತಿದಾಗ, ಹೊರಳಿಸಿದಾಗ ತೆಳು ಮೂಳೆ ಒಂದಿಷ್ಟು ತಿರುಗಬೇಕಾಗುತ್ತದೆ, ಅದಕ್ಕೆ ಎಡೆಮಾಡಿಕೊಡುವುದು ಈ ಕೀಲು. ಮುಂದೆ ಹಿಂದೆ ಗಟ್ಟಿ ಕಟ್ಟುನಾರುಗಳು ಅದನ್ನು ಬಿಗಿದಿರುತ್ತವೆ. ಅವು ಹರಿದರೆ ಮೂಳೆಯ ತಲೆ ಸೂರಿನಡಿಯಿಂದ ಹೊರಬಂದು ನಿಲ್ಲುತ್ತದೆ. ಪಾದ ಒಳಕ್ಕೆ ತಿರುಚಿ, ಮಡಚಿದ ಮಂಡಿಯ ಮೇಲೆ ಭಾರ ಬಿದ್ದರೆ ಹೀಗಾಗುವುದುಂಟಂತೆ. ಏಣಿಯ ಬುಡದಲ್ಲಿ ಆದದ್ದು ಅಕ್ಷರಶಃ ಅದೇ.

ಇನ್ನೊಂದು ಮಾತಿದೆ, ಅದನ್ನು ಹೇಳುವಾಗ ಡಾಕ್ಟರರು ‘ಮರೀ’ ಎನ್ನಲಿಲ್ಲ. ಆ ತಲೆಯ ಕೆಳಗೆ, ಮೂಳೆಯ ಕೊರಳನ್ನು ಸುತ್ತಿಕೊಂಡು, ಚರ್ಮದ ಅಡಿಯಲ್ಲೇ ಒಂದು ನರ ಹೋಗುತ್ತದೆ. ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವ ಅಪ್ಪಣೆ ಅದರ ಮೂಲಕವೇ ಕೆಳಗಿಳಿಯಬೇಕು. ಮೂಳೆ ಜರುಗಿದಾಗಲೆಲ್ಲ ನರ ಜಗ್ಗುತ್ತದೆ. “ಜುಮುಜುಮು ಅನ್ನೋದು ಅದರ ಕೂಗು. ಕೂಗ್ತಿರೋವಾಗ್ಲೇ ನಾವು ಹೋಗ್ಬೇಕು. ಸುಮ್ಮನಾದ ಮೇಲೆ ಹೋದ್ರೆ ಪಾದ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ,” ಎಂದರು. ಮೂಳೆಯನ್ನು ಸ್ವಸ್ಥಾನದಲ್ಲಿ ಕೂರಿಸಿ ಬಿಗಿಯಬೇಕು, ಅದಕ್ಕೆ ಆಪರೇಷನ್ ಆಗಬೇಕು. ತಂಗಿ ಕೇಳಿದ್ದು, “ಆಮೇಲೆ ಏಣಿ ಹತ್ತಬಹುದಾ?” ಎಂದು.

ತಮ್ಮ ಎಕ್ಸ್‌ರೇಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೊದಲು ಒಂದು ನಗು ಬಂತು, ಆಮೇಲೆ ಅದು ಹೋಯಿತು. “ಈ ಅಕ್ಷರವನ್ನ ಇಲ್ಲಿ ಕೂರಿಸಿದ್ದು ಯಾರು?” ಎಂದು ಕೇಳಿದರು. ‘ಎ’ ಎಂಬ ಅಕ್ಷರ, ಬೆಳ್ಳಗೆ, ದುಂಡಗೆ, ಆ ದುಂಡು ತಲೆಯನ್ನು ಪೂರ್ತಿ ಮುಚ್ಚಿಕೊಂಡು ಕೂತಿತ್ತು. ಪಕ್ಕದಿಂದ ತೆಗೆದ ಚಿತ್ರದಲ್ಲಾದರೂ ಕಾಣುತ್ತದೆಯೇ ಎಂದರೆ, ಅಲ್ಲಿ ಅದು ದಪ್ಪ ಮೂಳೆಯ ನೆರಳಿನೊಂದಿಗೆ ಕಲಸಿಹೋಗುತ್ತದೆ. ಕಾಲನ್ನು ಒಳಕ್ಕೆ ಹೊರಳಿಸಿ ಓರೆಯಾಗಿ ತೆಗೆದರೆ ಕೀಲು ಬಿಡಿಯಾಗಿ ತೋರುತ್ತದೆ. ಅಷ್ಟೇ ಸಾಲದು, ಎರಡೂ ಕಾಲುಗಳ ಚಿತ್ರ ಬೇಕು ಎಂದು ಅವರು ಚೀಟಿ ಬರೆದುಕೊಟ್ಟರು. ಏಕೆಂದರೆ ಈ ಕೀಲಿನ ಇಳಿಜಾರು ಒಬ್ಬೊಬ್ಬರಲ್ಲಿ ಒಂದೊಂದು ತರಹವಂತೆ. ಕೆಲವರಲ್ಲಿ ತಟ್ಟೆಯ ಹಾಗೆ ಮಟ್ಟಸ, ಕೆಲವರಲ್ಲಿ ಜಾರುಬಂಡೆಯ ಹಾಗೆ ಕಡಿದು. ಯಾವುದು ಸಹಜ ಎಂದು ಯಾವ ಪುಸ್ತಕವೂ ಒಂದೇ ಮಾತಿನಲ್ಲಿ ಹೇಳಲಾರದು. ಹೇಳಬಲ್ಲದ್ದು ಅದೇ ಮನುಷ್ಯನ ಇನ್ನೊಂದು ಕಾಲು ಮಾತ್ರ.

ಚೀಟಿ ಹಿಡಿದು ಮತ್ತೆ ತಮ್ಮ ಕೊಠಡಿಗೆ ಬಂದೆವು. ಆ ಸಾಧು ಮನುಷ್ಯ ಚೀಟಿಯನ್ನು ಓದಿ, ಕೈ ಸುಟ್ಟವರಂತೆ ವಾಪಸು ಕೊಟ್ಟರು.

“ಎರಡು ಕಾಲು ಆಗಲ್ಲಮ್ಮ. ಸುತ್ತೋಲೆ ಇದೆ.”

“ಅವಳಿಗಿರೋದೇ ಎರಡು. ಎರಡನ್ನೂ ಕರ್ಕೊಂಡೇ ಬಂದಿದ್ದೀವಿ,” ಎಂದೆ ನಾನು.

ಅವರು ಪಾಪ, ಗೋಡೆಯತ್ತ ಕೈತೋರಿಸಿ ಕಥೆ ಹೇಳಿದರು. ಹಿಂದೊಮ್ಮೆ ಅಲ್ಲಿ ಯಾರದೋ ಬಲಗಾಲಿನ ಬದಲು ಎಡಗಾಲಿನ ಚಿತ್ರ ತೆಗೆದು ದೊಡ್ಡ ರಾದ್ಧಾಂತವಾಯಿತಂತೆ. ಅಂದಿನಿಂದ ತಮ್ಮ ಕಚೇರಿಯ ಕಟ್ಟಪ್ಪಣೆ: ನೋವಿರುವ ಕಾಲಿನ ಹೊರತು ಬೇರೆ ಕಾಲು ಯಂತ್ರದ ಕೆಳಗೆ ಬರಕೂಡದು, ಮತ್ತು ಯಾವ ಕಾಲೆಂದು ಸಾರುವ ಅಕ್ಷರ ಮಂಡಿಗೆ ಅಂಟಿದಂತೆ, ಹೊರಮಗ್ಗುಲಿನಲ್ಲಿ, ಎದ್ದು ಕಾಣುವ ಗಾತ್ರದಲ್ಲಿ ಇರತಕ್ಕದ್ದು. ಭೇಷ್! ಆ ದಿನದಿಂದ ತಮ್ಮಲ್ಲಿ ಯಾವ ಕಾಲು ಎಂಬುದರಲ್ಲಿ ಒಂದು ತಪ್ಪೂ ಆಗಿಲ್ಲವಂತೆ. ಆ ಕಾಲಿಗೆ ಏನಾಗಿದೆ ಎಂಬ ಕ್ಷುಲ್ಲಕ ಸಂಗತಿ ಅಕ್ಷರದ ಕೆಳಗೆ ಸಿಕ್ಕಿಕೊಂಡಿದ್ದರೆ ಅದಕ್ಕೆ ಸುತ್ತೋಲೆ ಹೇಗೆ ಹೊಣೆಯಾದೀತು?

ನಾನು ಅಷ್ಟೊಂದು ಹಟಮಾರಿಯಲ್ಲ, ಮಾನ್ಯರೇ. ಸುಖಾಸುಮ್ಮನೆ ಯಾರ ಮೈಮೇಲೂ ಕಿರಣ ಹಾಯಿಸಬಾರದು ಎಂಬುದು ಸರಿ. ತಪ್ಪು ಕಾಲಿನ ಚಿತ್ರ ತೆಗೆಯಬಾರದು ಎಂಬುದು ಇನ್ನೂ ಸರಿ. ಆ ನಿಯಮ ಬರೆದ ದಿನ ಬರೆದವರಿಗೆ ಒಳ್ಳೆಯ ಉದ್ದೇಶವೇ ಇತ್ತು. ಆದರೆ ಸರಿಯಾದ ಕಾಲನ್ನು ಅಳೆಯಲು ಇನ್ನೊಂದು ಕಾಲೇ ಅಳತೆಗೋಲಾದಾಗ, ಆ ಅಳತೆಗೋಲನ್ನು ಬಾಗಿಲ ಹೊರಗೆ ನಿಲ್ಲಿಸುವುದು ಯಾವ ಎಚ್ಚರಿಕೆ? ಜೋಡಿ ಕಿವಿಯೋಲೆಯಲ್ಲಿ ಒಂದು ಸೊಟ್ಟಗಾಗಿದೆಯೇ ಎಂದು ನೋಡಲು ಯಾರಾದರೂ ಇನ್ನೊಂದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಾರೆಯೇ?

ಕೊನೆಗೆ ಹೊರಗೆ ತೆಗೆಸಿದೆವು. ಎರಡೂ ಮಂಡಿಗಳನ್ನು ಒಟ್ಟಿಗೆ ಸಿ.ಟಿ. ಸ್ಕ್ಯಾನ್ ಮಾಡಿದರು, ಎಡಗಾಲಿಗೆ ಎಂಆರ್‌ಐ ಕೂಡ ಆಯಿತು. ಡಾಕ್ಟರರು ಪರದೆಯ ಮೇಲೆ ತೋರಿಸುವಾಗ ನಾನೂ ತಂಗಿಯೂ ತಲೆಗೆ ತಲೆ ತಾಗಿಸಿ ನೋಡಿದೆವು. ಬಲಗಡೆ ಆ ದುಂಡು ತಲೆ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದೆ. ಎಡಗಡೆ ಅದೇ ತಲೆ ಮುಂದಕ್ಕೂ ಹೊರಕ್ಕೂ ಸರಿದು, ಸರಿಯಾಗಿ ಮುಚ್ಚದ ಮೇಜಿನ ಖಾನೆಯ ಹಾಗೆ ನಿಂತಿದೆ. ಹಿಂದಿನ ಕಟ್ಟುನಾರು ಹರಿದಿರುವುದೂ, ನರದ ಸುತ್ತ ಊತವಿರುವುದೂ ಎಂಆರ್‌ಐನಲ್ಲಿ ಕಂಡಿತು. ಇದನ್ನು ನೋಡಲು ವೈದ್ಯಶಾಸ್ತ್ರ ಓದಿರಬೇಕಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ತಂಗಿ ಪರದೆಯ ಮೇಲಿನ ಆ ಸಂದಿಗೆ ಬೆರಳಿಟ್ಟಳು. “ಸದ್ಯ, ನನಗೆ ಹುಚ್ಚು ಹಿಡಿದಿಲ್ಲ ಅಕ್ಕ,” ಎಂದಳು. ಅವಳಿಗೆ ಅಂಥದ್ದೊಂದು ಅನುಮಾನ ಹುಟ್ಟುವಂತೆ ಮಾಡಿದ್ದಕ್ಕೆ ನಾನು ತಮ್ಮನ್ನು ಅಷ್ಟು ಸುಲಭವಾಗಿ ಕ್ಷಮಿಸಲಾರೆ.

ಆ ಚಿತ್ರಗಳ ಕವರು ಹಿಡಿದುಕೊಂಡು ತಮ್ಮ ಮಂಡಳಿಯ ವಿಚಾರಣೆಗೆ ಬಂದೆವು. ತಮಗೆ ನೆನಪಿದೆಯೋ ಇಲ್ಲವೋ. ಉದ್ದನೆಯ ಮೇಜು, ಹಸಿರು ಬಟ್ಟೆ, ಮಂಡಳಿಯ ಮೂವರು ಸದಸ್ಯರ ಎದುರೂ ಮುಚ್ಚಳ ಮುಚ್ಚಿದ ನೀರಿನ ಲೋಟ. ತಂಗಿ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಿದ್ದಳು. ತಾವು ಕವರನ್ನು ತಿರುಗಿಸಿ, ಮೇಲಿದ್ದ ಆಸ್ಪತ್ರೆಯ ಮುದ್ರೆ ನೋಡಿ, ಬಿಚ್ಚದೆಯೇ ಮೇಜಿನ ಮೇಲೆ ಮುಂದಕ್ಕೆ ತಳ್ಳಿದಿರಿ.

“ಇದು ಮಂಡಳಿಯ ಕೊಠಡೀಲಿ ತೆಗೆದದ್ದಲ್ಲ. ಇದನ್ನ ನಾವು ನೋಡೋ ಹಾಗಿಲ್ಲ.”

“ಹಾಗಾದ್ರೆ ಕಾಲನ್ನೇ ನೋಡಿ ಸರ್,” ಎಂದಳು ತಂಗಿ. “ಇಲ್ಲೇ ಕುಕ್ಕರುಗಾಲಲ್ಲಿ ಕೂತು ತೋರಿಸ್ತೀನಿ. ಮೂಳೆ ಹೊರಗೆ ಬರೋದು ಕಣ್ಣಿಗೇ ಕಾಣುತ್ತೆ.”

“ಇದು ಸಭಾಂಗಣ ಅಮ್ಮ, ಆಸ್ಪತ್ರೆಯಲ್ಲ. ಕೂರೋದೆಲ್ಲ ಬೇಡ.”

ನಾನು ಬಾಯಿ ಹಾಕಿದೆ. ನಾನು ಯಾರೆಂದು ತಾವು ಕೇಳಿದಿರಿ, ಅಕ್ಕ ಎಂದೆ. ಸಂಬಂಧಿಕರು ಹೊರಗಿರಬೇಕು ಎಂದಿರಿ. ಹೊರಗೆ ಹೋಗಿ ನಿಂತು ನಾನು ಆಡಿದ ಮಾತುಗಳು ಒಳಗೂ ಕೇಳಿಸಿದವೆಂದು ಆಮೇಲೆ ತಂಗಿ ಹೇಳಿದಳು. ಉದ್ಯೋಗದಿಂದ ಬಂದ ಗಂಟಲು, ಏನು ಮಾಡಲಿ. ಮುಗಿಸಿ ಹೊರಬಂದವಳ ಕಿವಿ ಕೆಂಪಾಗಿತ್ತು. ಕೈಯಲ್ಲಿದ್ದ ಕಾಗದದಲ್ಲಿ ಹೀಗಿತ್ತು: ‘ದೂರಿಗೂ ಚಿತ್ರಕ್ಕೂ ಹೊಂದಾಣಿಕೆ ಕಂಡುಬಂದಿಲ್ಲ. ಕರ್ತವ್ಯದಿಂದ ನುಣುಚಿಕೊಳ್ಳುವ ಪ್ರವೃತ್ತಿಯನ್ನು ತಳ್ಳಿಹಾಕಲಾಗದು. ಅಂತಿಮ ನಿರ್ಣಯ ಮುಂದಿನ ಸಭೆಯಲ್ಲಿ.’

ಈ ಸಾಲನ್ನು ನಾನು ಬಾಯಿಪಾಠ ಮಾಡಿದ್ದೇನೆ. ದೂರಿಗೂ ಚಿತ್ರಕ್ಕೂ ಹೊಂದಾಣಿಕೆಯಿಲ್ಲವಾದರೆ ತಪ್ಪು ದೂರಿನದ್ದೇ ಎಂದು ತಾವು ಹೇಗೆ ಕಂಡುಕೊಂಡಿರಿ? ಅಂಕಣದಲ್ಲಿ ಬಸ್ಸು ನಿಂತಿಲ್ಲ ಎಂದು ಪ್ರಯಾಣಿಕರು ಬಂದು ಹೇಳಿದರೆ, ನನ್ನ ಫಲಕದಲ್ಲಿ ನಿಂತಿದೆ ಎಂದು ಬರೆದಿದೆ, ಹೋಗಿ ಹತ್ತಿ ಎಂದು ನಾನು ಹೇಳಲಾದೀತೇ? ಹೇಳಿದರೆ ಜನ ಗಾಜು ಒಡೆಯುತ್ತಾರೆ. ತಮ್ಮ ಸಭಾಂಗಣಕ್ಕೆ ಬರುವವರು ಕುಂಟುತ್ತ ಬರುತ್ತಾರೆ, ಗಾಜು ಒಡೆಯುವ ತ್ರಾಣ ಅವರಲ್ಲಿರುವುದಿಲ್ಲ.

ಅಂದಿನಿಂದ ಕಾಯುತ್ತಿದ್ದೇವೆ. ಡಾಕ್ಟರರು ಸಿದ್ಧರಿದ್ದಾರೆ. ಆದರೆ ಆಪರೇಷನ್ನಿಗೆ ಬೇಕಾದ ರಜೆಯನ್ನು ತಮ್ಮ ಮಂಡಳಿಯೇ ಮಂಜೂರು ಮಾಡಬೇಕು. ಮಂಜೂರಾಗದೆ ಹೋದರೆ ಅದು ಅನುಮತಿಯಿಲ್ಲದ ಗೈರುಹಾಜರಿ. ಮೈಗಳ್ಳತನದ ಷರಾ ಈಗಾಗಲೇ ಇರುವವಳು ಗೈರುಹಾಜರಾದರೆ ಕೆಲಸ ಹೋದಂತೆಯೇ. ಸಭೆಯೋ, ಸದಸ್ಯರು ಲಭ್ಯರಿಲ್ಲದ ಕಾರಣ ಮುಂದಕ್ಕೆ ಹೋಯಿತು, ಆಮೇಲೆ ಇನ್ನೊಮ್ಮೆ ಹೋಯಿತು. ಮನೆಯಲ್ಲಿ ನಮ್ಮಿಬ್ಬರಿಗೂ ದಿನಾ ಇದೇ ಜಗಳ.

“ಹಾಳಾಗ್ಲಿ ಕೆಲಸ. ಮೊದಲು ಕಾಲು ನೋಡ್ಕೋ.”

“ಕೆಲಸ ಇಲ್ದೆ ಕಾಲು ಇಟ್ಕೊಂಡು ಏನು ಮಾಡ್ಲಿ? ನಿನ್ನ ಗೂಡಲ್ಲಿ ಬಂದು ಕೂರ್ಲಾ?”

“ಕೂರು. ಗಾಳಿಯಂತೂ ಇಲ್ಲ ಅಲ್ಲಿ, ಹೆದರ್ಕೋಬೇಡ.”

“ನೀನು ಸುಮ್ನಿರು ಅಕ್ಕ. ನಂಗೆ ಬೇರೇನೂ ಬರಲ್ಲ. ಕಷ್ಟಪಟ್ಟು ಕಲಿತ ಕೆಲಸ ಇದು. ನಾನು ಸುಳ್ಳು ಹೇಳ್ದೆ ಅಂತ ಬರೆದಿಟ್ಟು ಕಳಿಸಿದ್ರೆ, ನಾಳೆ ಠಾಣೆ ಮುಂದೆ ಹೇಗೆ ಓಡಾಡ್ಲಿ?”

ಅವಳ ಹಟ ನನಗೆ ಸಿಟ್ಟು ತರಿಸುತ್ತದೆ, ಆ ಸಿಟ್ಟಿನ ಹಿಂದೆಯೇ ಹೆಮ್ಮೆಯೂ ಬಂದುಬಿಡುತ್ತದೆ, ಎರಡನ್ನೂ ಹೊಟ್ಟೆಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ತಮ್ಮ ಕಚೇರಿಗೆ ಫೋನು ಮಾಡುತ್ತೇನೆ. ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ.

ಮೊನ್ನೆ ಬೆಳಿಗ್ಗೆ ತಂಗಿ ಹಾಲು ತರಲು ಬೀದಿಯ ಮೂಲೆಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. ಅವಳು ಹಿಂತಿರುಗುವ ಸದ್ದು ಕೇಳಿಸಿತು. ಒಂದು ಹೆಜ್ಜೆ ಎಂದಿನಂತೆ, ಇನ್ನೊಂದು ಹೆಜ್ಜೆ ನೆಲಕ್ಕೆ ಪಟ್ ಎಂದು ಬೀಳುತ್ತಿತ್ತು. ಯಾರೋ ಬೇರೆಯವರು ಬರುತ್ತಿದ್ದಾರೆಂದುಕೊಂಡು ಹೊರಗೆ ಬಂದೆ. ಅವಳೇ. ಹಾಲು ಕೈಗಿತ್ತು ಏನೋ ತಮಾಷೆ ಮಾಡುತ್ತ ಒಳಗೆ ಬಂದಳು, ಹೊಸ್ತಿಲು ಎಡವಿದಳು. ನೋಡಿದರೆ ಎಡಗಾಲಿನ ಬೆರಳುಗಳ ಮೇಲಿನ ಚರ್ಮ ತರಚಿ, ಚಪ್ಪಲಿಯ ಪಟ್ಟಿಯೆಲ್ಲ ರಕ್ತ. ದಾರಿಯುದ್ದಕ್ಕೂ ಬೆರಳುಗಳನ್ನು ನೆಲಕ್ಕೆ ಉಜ್ಜಿಕೊಂಡು ಬಂದಿದ್ದಾಳೆ.

“ಏನೇ ಇದು, ರಕ್ತ?”

“ಎಲ್ಲಿ?”

ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಹಸಿ ಬಟ್ಟೆಯಿಂದ ಒರೆಸಿ, “ಹೆಬ್ಬೆರಳು ಮೇಲೆತ್ತು ನೋಡೋಣ,” ಎಂದೆ. ಬೆರಳು ಕದಲಲಿಲ್ಲ. “ಎತ್ತೇ,” ಎಂದೆ. ಅವಳು ಹುಬ್ಬುಗಂಟಿಕ್ಕಿ ತನ್ನ ಪಾದವನ್ನೇ ದಿಟ್ಟಿಸುತ್ತಿದ್ದಳು.

“ಎತ್ತಿದ್ದೀನಿ ಅಂತ ಅನ್ನಿಸ್ತಿದೆ ಅಕ್ಕ,” ಎಂದಳು.

ನಾನು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳಿಗೆ ಬಟ್ಟೆ ಸುತ್ತಿದೆ. ಜುಮುಜುಮು ನಿಂತು ಎಷ್ಟು ಕಾಲವಾಯಿತು ಎಂದು ಕೇಳಿದರೆ, ನಿಂತದ್ದು ಒಳ್ಳೆಯದೆಂದುಕೊಂಡು ಅವಳು ನನಗೆ ಹೇಳಿರಲೇ ಇಲ್ಲ. ಡಾಕ್ಟರರಿಗೆ ಫೋನು ಮಾಡಿದೆ. ತಕ್ಷಣ ಕರೆದುಕೊಂಡು ಬರಲು ಹೇಳಿದರು. ನೋಡಿದರು. ಇನ್ನು ಯಾವ ಮಂಡಳಿಗೂ ಕಾಯುವ ಮಾತಿಲ್ಲ, ಈಗ ಮಾಡಿದರೂ ಪಾದ ಏಳುತ್ತದೆಯೋ ಇಲ್ಲವೋ ಹೇಳಲಾರೆ, ಮಾಡದಿದ್ದರೆ ಏಳುವುದಿಲ್ಲ ಎಂಬುದನ್ನು ಹೇಳಬಲ್ಲೆ ಎಂದರು. “ದಿನ ಹಾಕ್ಬಿಡಿ ಡಾಕ್ಟರ್,” ಎಂದಳು ತಂಗಿ. ಅವರಿಗೆ ಬಿಡುವಿದ್ದದ್ದು ಗುರುವಾರ ಬೆಳಿಗ್ಗೆ. ಮನೆಗೆ ಬಂದರೆ ತಮ್ಮ ಕಚೇರಿಯ ಲಕೋಟೆ ಬಾಗಿಲ ಸಂದಿಯಲ್ಲಿತ್ತು. ಮುಂದಕ್ಕೆ ಹೋಗುತ್ತಿದ್ದ ಸಭೆ ಕೊನೆಗೂ ನಿಗದಿಯಾಗಿದೆ. ಗುರುವಾರ ಬೆಳಿಗ್ಗೆ. ‘ಖುದ್ದು ಹಾಜರಿ ಕಡ್ಡಾಯ.’

ಆದ್ದರಿಂದ, ಮಾನ್ಯ ಅಧ್ಯಕ್ಷರೇ, ಇದು ಅರ್ಜಿಯಲ್ಲ. ರಜೆ ಕೊಡಿ ಎಂದು ಕೇಳುವ ಕಾಲ ಮೀರಿತು. ಗುರುವಾರ ತಾವು ಅವಳ ಹೆಸರು ಕೂಗಿಸುವ ಹೊತ್ತಿಗೆ ಅವಳು ಪ್ರಜ್ಞೆಯಿಲ್ಲದೆ ಆಪರೇಷನ್ ಮೇಜಿನ ಮೇಲಿರುತ್ತಾಳೆ. ಗೈರುಹಾಜರು ಎಂದು ಬರೆಯುವುದು ತಮ್ಮ ಹಕ್ಕು. ಬರೆಯುವ ಮುನ್ನ ನಾನು ಆಗ್ರಹಿಸುತ್ತಿರುವುದಿಷ್ಟು. ತಾವು ಮೇಜಿನ ಮೇಲೆ ತಳ್ಳಿದ ಆ ಕವರನ್ನು ತಂಗಿ ಅಲ್ಲೇ ಬಿಟ್ಟು ಬಂದಿದ್ದಾಳೆ, ಅದು ತಮ್ಮ ಕಚೇರಿಯಲ್ಲೇ ಇದೆ, ಅದನ್ನು ಬಿಚ್ಚಿ. ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು, ಮೂವರು ಸದಸ್ಯರೂ ತಮ್ಮ ತಮ್ಮ ಕಣ್ಣಿನಿಂದ ನೋಡಿ. ನೋಡಿದ ಮೇಲೂ ಅವಳು ಮೈಗಳ್ಳಿ ಎಂದು ಬರೆಯುವ ಧೈರ್ಯವಿದ್ದರೆ ಬರೆದು ಕೆಳಗೆ ರುಜು ಹಾಕಿ. ಇಲ್ಲವಾದರೆ ಆ ಷರಾವನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಅವಳ ಠಾಣೆಗೆ ಬರೆದು ತಿಳಿಸಿ. ಹಾಗೆಯೇ ತಮ್ಮ ಎಕ್ಸ್‌ರೇ ಕೊಠಡಿಯ ಗೋಡೆಯ ಮೇಲಿನ ಆ ಸುತ್ತೋಲೆಯನ್ನು ಇಳಿಸಿ, ಡಾಕ್ಟರರು ಕೇಳಿದಾಗ ಇನ್ನೊಂದು ಕಾಲಿಗೂ ಪ್ರವೇಶವಿದೆ ಎಂದು ಬರೆಸಿ. ಅಕ್ಷರವನ್ನು ನಾಲ್ಕು ಬೆರಳು ಆಚೆ ಸರಿಸಿದರೆ ಎಡಗಾಲು ಬಲಗಾಲಾಗಿಬಿಡುವುದಿಲ್ಲ.

ಅವಳ ಪಾದ ಮತ್ತೆ ಏಳುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರರಿಗೂ ಗೊತ್ತಿಲ್ಲ. ಅದು ತಮ್ಮ ಕೈಯಲ್ಲಿತ್ತು, ಈಗ ಇಲ್ಲ. ತಮ್ಮ ಕೈಯಲ್ಲಿ ಇನ್ನೂ ಉಳಿದಿರುವುದು ಒಂದೇ. ಎಂದಾದರೂ ಅವಳು ಆ ಪಾದವನ್ನೆತ್ತಿ ಮೊದಲ ಮೆಟ್ಟಿಲಿನ ಮೇಲಿಡುವ ಹಾಗಾದರೆ, ಇಡಲು ಅವಳ ಹೆಸರಿನಲ್ಲಿ ಒಂದು ಏಣಿ ಉಳಿದಿರಬೇಕು.

ಇಂತಿ,
ಗುರುವಾರ ಗೈರುಹಾಜರಾಗಲಿರುವವಳ ಅಕ್ಕ
(ಅಂದು ನಾನೂ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಸಿಗುತ್ತೇನೆ)